ಗೇಟು ಕಾಯುವವನ ಸಾಲು

"ಏನ್ರೀ, ಗೇಟು ಕಾಯ್ತಾ ಇದೀರಾ?"

ಹೆಂಡತಿ ಮೊಣಕೈಯಿಂದ ತಿವಿದ ಕೂಡಲೇ ಬೆಂಚಿನ ಮೇಲೆ ತೂಕಡಿಸುತ್ತಿದ್ದ ಗಿರಾಕಿ ಬೆಚ್ಚಿ ಕಣ್ಣುಬಿಟ್ಟ. "ನೋಡಿ ಇವರ ಅವತಾರ! ಕಣ್ಣಿಗೆ ಕನ್ನಡಕ ಬೇಕಂತೆ, ಮೊದಲು ರೆಪ್ಪೆ ಎತ್ತೋಕೆ ಏನಾದ್ರೂ ಇದ್ರೆ ಕೊಡಿ" ಎಂದು ಆಕೆ ಅಂಗಡಿಯವಳತ್ತ ತಿರುಗಿ ನಕ್ಕಳು. ಅಂಗಡಿಯವಳೂ ನಕ್ಕಳು. ವ್ಯಾಪಾರದ ಜಾಗದಲ್ಲಿ ನಗದೆ ಆದೀತೆ? ಆ ಊರಿನಲ್ಲಿ ತೂಕಡಿಸುವವರಿಗೆಲ್ಲ ಅದೇ ಮಾತು. ತರಗತಿಯಲ್ಲಿ ಕಣ್ಣು ಮುಚ್ಚುವ ಮಕ್ಕಳಿಗೆ, ಬಸ್ಸಿನಲ್ಲಿ ಪಕ್ಕದವರ ಹೆಗಲಿಗೆ ಒರಗುವವರಿಗೆ, ಭಾಷಣ ಕೇಳಲು ಕೂತವರಿಗೆ. ಹೇಳುವವರಿಗೆ ಅದು ಯಾವ ಗೇಟು, ಕಾದವನು ಯಾರು ಎಂಬುದು ಬೇಕಿರಲಿಲ್ಲ. ಕಾದವನು ಅಂಗಡಿಯವಳ ಅಪ್ಪ.

ಗಂಡಹೆಂಡಿರು ಹೋದ ಮೇಲೆ ಅವಳು ಮೇಜಿನ ಕೆಳಗಿಟ್ಟಿದ್ದ ಫೋನನ್ನು ಕೈಗೆತ್ತಿಕೊಂಡಳು. ಬೆಳಿಗ್ಗೆ ಬಂದ ಉತ್ತರವನ್ನು ಇನ್ನೊಮ್ಮೆ ಓದಿದಳು. "ಉಲ್ಲೇಖ ಇರುವ ವಾಕ್ಯವನ್ನು ಕಾರಣ ಕೊಡದೆ ತೆಗೆಯುವಂತಿಲ್ಲ. ಮರಳಿ ಸೇರಿಸಿದ್ದೇನೆ. ಉಳಿದಂತೆ ಲೇಖನವನ್ನು ಬಹಳ ಚೆನ್ನಾಗಿ ತಿದ್ದಿದ್ದೀರಿ. ಅಣೆಕಟ್ಟಿನ ಒಂದು ಚಿತ್ರ ಸಿಕ್ಕರೆ ಒಳ್ಳೆಯದು." ಬರೆದವರ ಹೆಸರು 'ಹಳೇಚಪ್ಪಲಿ'. ಜಾಲದ ಆ ವಿಶ್ವಕೋಶದಲ್ಲಿ ಯಾರಿಗೂ ಸ್ವಂತ ಹೆಸರು ಕಡ್ಡಾಯವಲ್ಲ. ಅವಳು ಅಲ್ಲಿ 'ಕನ್ನಡಕದಂಗಡಿ'.

ಹೋದ ಬೇಸಿಗೆಯಲ್ಲಿ ಅಂಗಡಿಯ ವಿಳಾಸ ಸರಿಯಾಗಿ ತೋರಿಸುತ್ತದೋ ಇಲ್ಲವೋ ಎಂದು ಫೋನಿನಲ್ಲಿ ಹುಡುಕುತ್ತಿದ್ದಾಗ ಊರಿನ ಬಗ್ಗೆ ಇದ್ದ ಲೇಖನ ಕಣ್ಣಿಗೆ ಬಿದ್ದಿತ್ತು. ಬಸ್ ನಿಲ್ದಾಣ ಇನ್ನೂ ಹಳೆಯ ಜಾಗದಲ್ಲೇ ಇತ್ತು. ಮುಚ್ಚಿಹೋದ ಚಿತ್ರಮಂದಿರದಲ್ಲಿ ಆಟ ನಡೆಯುತ್ತಲೇ ಇತ್ತು. ಇತಿಹಾಸದ ಭಾಗದಲ್ಲಿ ದೊಡ್ಡ ಪ್ರವಾಹದ ವಿಷಯಕ್ಕೆ ಇದ್ದದ್ದು ಒಂದೇ ವಾಕ್ಯ: "ಅಣೆಕಟ್ಟಿನ ಏಳು ಗೇಟುಗಳ ಕಾವಲುಗಾರ ನಿದ್ದೆಹೋಗಿ ಗೇಟು ತೆರೆಯದ ಕಾರಣ ನೀರು ಪೇಟೆಗೆ ನುಗ್ಗಿತು." ಬಾಯಿಮಾತು ಗಾಳಿಗೆ ಹೋಗುತ್ತದೆ ಎಂದು ಅಷ್ಟು ವರ್ಷ ಸುಮ್ಮನಿದ್ದವಳು ಅವಳು. ಇದರ ಬಾಲದಲ್ಲಿ ಮಾತ್ರ ಪುಟ್ಟದೊಂದು ಅಂಕಿ ಕೂತಿತ್ತು. ಅದನ್ನು ಒತ್ತಿದರೆ ಯಾವುದೋ ಪತ್ರಿಕೆಯ ವರದಿ ಸಾಕ್ಷಿ ಹೇಳುತ್ತಿತ್ತು.

ಆವತ್ತಿನಿಂದ ಅವಳು ಲೇಖನಕ್ಕೆ ಕೈಹಚ್ಚಿದಳು. ಬಸ್ ನಿಲ್ದಾಣವನ್ನು ಹೊಸ ಜಾಗಕ್ಕೆ ತಂದಳು. ಚಿತ್ರಮಂದಿರ ಮುಚ್ಚಿಸಿದಳು. ಮಾರುಕಟ್ಟೆ, ಶಾಲೆಗಳು, ನೀರಿನ ಟ್ಯಾಂಕು, ಒಂದೊಂದಕ್ಕೂ ಆಧಾರ ಹುಡುಕಿ ಹಾಕಿದಳು. ಊರನ್ನೆಲ್ಲ ಗುಡಿಸುವ ನೆಪದಲ್ಲಿ ಒಂದು ಮೂಲೆಯ ಕಸ ತೆಗೆಯುವ ಆಸೆ. ಕೊನೆಗೆ ನಿನ್ನೆ ಆ ಸಾಲನ್ನು ಅಳಿಸಿದ್ದಳು. ಒಂದು ರಾತ್ರಿ ಕಳೆಯುವುದರೊಳಗೆ ಅಪ್ಪ ಮತ್ತೆ ನಿದ್ದೆಹೋಗಿದ್ದ.

ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರ ನಿಂತಿತು. ಗಂಡ ಕೈ ಒರೆಸಿಕೊಳ್ಳುತ್ತ ಬಂದು ಇಣುಕಿದ.

"ಇನ್ನೊಂದು ಹೆಸರಲ್ಲಿ ಹೋಗಿ ಅಳಿಸಿಬಿಡು. ಅವನಿಗೇನು ಕನಸು ಬೀಳತ್ತಾ?"

"ಅವನೋ ಅವಳೋ. ಮತ್ತೆ ಸೇರಿಸ್ತಾರೆ."

"ಮತ್ತೆ ಅಳಿಸು."

"ಕದ್ದು ಅಳಿಸಿದ್ರೆ ಆಯ್ತಾ ರೀ? ನಾಳೆ ಯಾರೋ ಕೇಳಿದ್ರೆ, ಮಗಳೇ ಅಳಿಸಿದ್ಲು ಅಂತಾರೆ. ಅಲ್ಲಿಗೆ ಅಪ್ಪ ನಿದ್ದೆ ಮಾಡಿದ್ದು ಖಾತ್ರಿ ಆದ ಹಾಗೇ."

"ಸರಿ ತಾಯಿ, ನಿನ್ನ ಹಟ ನಿನಗೆ" ಎಂದು ಅವನು ಯಂತ್ರದ ಹತ್ತಿರ ಹೋದ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳ ಹಟದ ಅಳತೆ ಅವನಿಗೆ ಹೊಸದೇನೂ ಅಲ್ಲ.

ಮಧ್ಯಾಹ್ನ ಊಟಕ್ಕೆ ಮೇಲಿನ ಮನೆಗೆ ಹೋದಾಗ ಅಮ್ಮ ಕಿಟಕಿಯ ಬಳಿ ಕೂತು ಗಾಜು ಒರೆಸುವ ಮೆತ್ತನೆ ಬಟ್ಟೆಯನ್ನು ಚೌಕ ಚೌಕವಾಗಿ ಕತ್ತರಿಸುತ್ತಿದ್ದಳು. ಅಂಗಡಿಯ ಪ್ರತಿ ಕನ್ನಡಕದ ಜೊತೆ ಹೋಗುವ ತುಂಡುಗಳು. ಕಣ್ಣು ಮಂಜಾದರೂ ಕತ್ತರಿ ದಾರಿ ತಪ್ಪುತ್ತಿರಲಿಲ್ಲ.

"ಅಮ್ಮ, ಆವತ್ತು ರಾತ್ರಿ ಅಪ್ಪ ಎಚ್ಚರವಾಗಿದ್ರು ಅಂತ ನೀನು ಯಾವಾಗ್ಲೂ ಹೇಳ್ತೀಯಲ್ಲ. ಏನು ನೋಡಿದೆ, ಬಿಡಿಸಿ ಹೇಳು. ನಾನು ಬರೀತೀನಿ."

ಅಮ್ಮ ಕತ್ತರಿ ಕೆಳಗಿಟ್ಟಳು. "ಎಲ್ಲಿ ಬರೀತೀಯ?"

"ಊರಿನ ವಿಷಯ ಬರೆದಿದಾರಲ್ಲ, ಅಲ್ಲಿ."

ಅಮ್ಮ ಮಡಿಲಿನಲ್ಲಿದ್ದ ಎಳೆಗಳನ್ನು ಒಂದೊಂದಾಗಿ ಹೆಕ್ಕಿದಳು. "ನಾನು ಮನೇಲಿ ನಿನ್ನನ್ನ ತಟ್ಟಿಕೊಂಡು ಮಲಗಿದ್ದೆ ಕಣೇ. ನೀನು ಕೈಗೂಸು. ಹಿಂದಿನ ದಿನವೆಲ್ಲ ಅತ್ತು ಪ್ರಾಣ ತಿಂದಿದ್ದೆ. ನನಗೇ ನಿದ್ದೆ ಹತ್ತಿಬಿಟ್ಟಿತ್ತು."

"ಮತ್ತೆ ಇಷ್ಟು ವರ್ಷ..."

"ಬೆಳಗಾದ ಮೇಲೆ ನಿಮ್ಮಪ್ಪ ಬಂದ್ರು. ಮೈಯೆಲ್ಲ ಕೆಸರು. ಎರಡೂ ಅಂಗೈ ಸುಲಿದುಹೋಗಿತ್ತು. ಗೇಟಿನ ಚಕ್ರ ತಿರುಗಿಸಿ ತಿರುಗಿಸಿ. ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೂ ಕೇಳಲಿಲ್ಲ." ಅಮ್ಮ ಮತ್ತೆ ಕತ್ತರಿ ಹಿಡಿದಳು. "ಊರೆಲ್ಲ ಒಂದು ಕಡೆ ನಿಂತರೆ ಹೆಂಡತಿ ಇನ್ನೊಂದು ಕಡೆ ನಿಲ್ಲಬೇಡವಾ? ನಿಂತೆ. ಅಷ್ಟೇ ನನಗೆ ಗೊತ್ತಿರೋದು."

ಅಪ್ಪ ನಿದ್ದೆಹೋದ ಎಂದು ಊರು ನಂಬಿದಷ್ಟೇ ಗಟ್ಟಿಯಾಗಿ, ಎಚ್ಚರವಿದ್ದ ಎಂದು ಅವಳು ನಂಬಿದ್ದಳು. ಈಗ ನೋಡಿದರೆ ಎರಡರ ಕೆಳಗೂ ನೆಲವಿಲ್ಲ. ಒಂದು ಗಳಿಗೆ, ಇದನ್ನೆಲ್ಲ ಇಲ್ಲಿಗೇ ಬಿಟ್ಟುಬಿಡೋಣ ಎನ್ನಿಸಿತು. ತಟ್ಟೆ ತೊಳೆದಿಡುವ ಹೊತ್ತಿಗೆ ಆ ಯೋಚನೆ ಹೋಗಿತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲಿ, ಅಷ್ಟಾದರೂ ಆಗಲಿ.

ಅಂಗಡಿಗೆ ರಜೆ ಇದ್ದ ದಿನ ಅವಳು ಅಣೆಕಟ್ಟಿನ ಕಡೆಗೆ ಹೋಗುವ ಬಸ್ಸು ಹತ್ತಿದಳು. ಹೇಗೂ ಚಿತ್ರ ಬೇಕು ಎಂದಿದ್ದರಲ್ಲ. ಪ್ರವಾಹದ ಮರುವರ್ಷವೇ ಅಮ್ಮ ಮನೆಯನ್ನು ಊರಿನ ಈ ತುದಿಗೆ ಬದಲಿಸಿದ್ದಳು. ಆ ರಸ್ತೆ ಅವರ ಪಾಲಿಗೆ ಇಲ್ಲದ ರಸ್ತೆ. ಅಪ್ಪ ಇರುವವರೆಗೂ ಯಾರೂ ಅತ್ತ ಹೆಜ್ಜೆ ಹಾಕಲಿಲ್ಲ. ಅವನು ಹೋದ ಮೇಲೆ ಹೋಗಲು ಕಾರಣವಿರಲಿಲ್ಲ.

ದೊಡ್ಡದೇನೋ ಇರುತ್ತದೆ ಎಂದುಕೊಂಡಿದ್ದಳು. ಹಳೆಯ ಕಲ್ಲಿನ ಗೋಡೆ, ಮೇಲೊಂದು ಕಿರಿದಾದ ಹಾದಿ, ಹಾದಿಯ ಪಕ್ಕ ಸಾಲಾಗಿ ತುಕ್ಕು ಹಿಡಿದ ಕಬ್ಬಿಣದ ಚಕ್ರಗಳು. ಎಲ್ಲವೂ ಚೌಕಟ್ಟಿನಲ್ಲಿ ಹಿಡಿಸಲೆಂದು ಹಿಂದೆ ಸರಿಯುತ್ತ ಎಣಿಸಿದಳು. ಮತ್ತೆ ಎಣಿಸಿದಳು. ಐದು. ಹಾದಿಯ ಬಾಯಲ್ಲಿದ್ದ ಕಲ್ಲಿನ ಫಲಕದಲ್ಲೂ, ಕಟ್ಟಿದ ವರ್ಷದ ಕೆಳಗೆ, 'ಐದು ಬಾಗಿಲು' ಎಂದೇ ಕೆತ್ತಿತ್ತು.

ಲೇಖನದಲ್ಲಿ ಏಳು. ಎಷ್ಟು ಸಲ ಓದಿದ್ದಾಳೋ! ಓದಿದಾಗಲೆಲ್ಲ ಕಣ್ಣು 'ನಿದ್ದೆ' ಎಂಬಲ್ಲಿಗೆ ಹಾರಿ ಅಲ್ಲೇ ಗಾಯ ಮಾಡಿಕೊಂಡು ಹಿಂದಿರುಗುತ್ತಿತ್ತು. ಅದಕ್ಕೂ ಹಿಂದಿದ್ದ ಸಂಖ್ಯೆಯನ್ನು ನೋಡಿದವರಾರು?

ಅಲ್ಲೇ ಕಟ್ಟೆಯ ಮೇಲೆ ಕೂತು ಪತ್ರಿಕೆಯ ವರದಿ ತೆರೆದಳು. ಅಲ್ಲೂ ಏಳು. ವಾಕ್ಯವೂ ಅದೇ, ಒಂದಕ್ಷರ ಆಚೀಚೆ ಇಲ್ಲ. ಲೇಖನಕ್ಕೆ ಯಾರು ಯಾವಾಗ ಏನು ಸೇರಿಸಿದರು ಎಂಬುದೆಲ್ಲ ಅದರ ಹಳೆಯ ಆವೃತ್ತಿಗಳಲ್ಲಿ ಉಳಿದಿರುತ್ತದೆ. ಅವಳು ಹಿಂದಕ್ಕೆ ಹೋದಳು, ಇನ್ನೂ ಹಿಂದಕ್ಕೆ. ಆ ಸಾಲನ್ನು ಯಾರೋ ಹೆಸರಿಲ್ಲದವರು, ಆಧಾರವಿಲ್ಲದೆ, ಊರಿನ ಬಾಯಿಮಾತನ್ನೇ ಎತ್ತಿ ಬರೆದಿದ್ದರು. ವರದಿ ಬಂದದ್ದು ಅದಾದ ಎರಡು ವರ್ಷಕ್ಕೆ. ವರದಿಗಾರ ಲೇಖನ ನೋಡಿ ಬರೆದಿದ್ದಾನೆ. ಮತ್ತೆ ಯಾರೋ ಆ ವರದಿಯನ್ನೇ ತಂದು ಲೇಖನಕ್ಕೆ ಆಧಾರವೆಂದು ಕಟ್ಟಿದ್ದಾರೆ.

"ಕಳ್ಳನಿಗೆ ಸುಳ್ಳ ಸಾಕ್ಷಿ" ಎಂದು ಅವಳು ಗಟ್ಟಿಯಾಗಿಯೇ ಅಂದಳು. ನೀರಿನಂಚಿನಲ್ಲಿದ್ದ ಕೊಕ್ಕರೆ ಕತ್ತು ತಿರುಗಿಸಿ ನೋಡಿತು.

ಮನೆಗೆ ಬಂದು, ಲೇಖನದ ಬಗ್ಗೆ ಎಲ್ಲರೂ ಚರ್ಚಿಸುವ ಪುಟದಲ್ಲಿ ಬರೆಯತೊಡಗಿದಳು. ಮೊದಲ ಸಾಲು: "ಆ ಕಾವಲುಗಾರ ನನ್ನ ತಂದೆ. ಇದನ್ನು ಮೊದಲೇ ಹೇಳಬೇಕಿತ್ತು. ಇನ್ನು ಆ ವಾಕ್ಯವನ್ನು ನಾನು ಮುಟ್ಟುವುದಿಲ್ಲ. ನೀವೇ ನೋಡಿ ತೀರ್ಮಾನಿಸಿ." ಅದರ ಕೆಳಗೆ, ಸಾಲು ಸೇರಿದ್ದು ಯಾವಾಗ, ವರದಿ ಬಂದದ್ದು ಯಾವಾಗ ಎಂಬ ಎರಡು ತಾರೀಖು, ಐದು ಬಾಗಿಲಿನ ಫಲಕದ ಚಿತ್ರ.

ಗಂಡ ಭುಜದ ಮೇಲಿಂದ ಓದಿದ. "ಅಂಗಡಿ ಹೆಸರಲ್ಲೇ ಬರೀತಿದೀಯ. ಊರೆಲ್ಲ ಓದ್ತಾರೆ."

"ಓದ್ಲಿ. ಓದೋಕೆ ಕಾಣದೇ ಇದ್ರೆ ಹೇಗೂ ನಮ್ಮ ಅಂಗಡಿ ಇದೆಯಲ್ಲ."

ಅವನಿಗೆ ನಗು ತಡೆಯಲಾಗಲಿಲ್ಲ.

ಕಳಿಸುವ ಮುಂಚೆ ಇನ್ನೊಂದು ಸಾಲು ಬರೆದಳು: "ಬೆಳಗ್ಗೆ ಅವರ ಅಂಗೈ ಸುಲಿದಿತ್ತು." ಓದಿದಳು. ಚಕ್ರ ತಿರುಗಿಸಿದ್ದು ನಿಜ. ತಡವಾಗುವ ಮುಂಚೆಯೋ, ತಡವಾದ ಮೇಲೋ, ಆ ಕೈಗಳಿಗೆ ಮಾತ್ರ ಗೊತ್ತಿತ್ತು. ಬರೆದದ್ದನ್ನು ಒಂದೊಂದೇ ಅಕ್ಷರವಾಗಿ ಹಿಂದಕ್ಕೆ ತೆಗೆದಳು. ಆ ದಿನ ಅವಳು ಮಾಡಿದ ಕೆಲಸಗಳಲ್ಲಿ ಅತಿ ಕಷ್ಟದ್ದು ಅದೇ.

ಹಳೇಚಪ್ಪಲಿಯ ಉತ್ತರ ಬರಲು ಕೆಲವು ದಿನ ಹಿಡಿಯಿತು. "ನೀವು ಹೇಳಿದ್ದು ಸರಿ. ನಾನು ತಾರೀಖು ನೋಡಬೇಕಿತ್ತು. ಆ ವಾಕ್ಯ ತೆಗೆದು ಬೇರೆ ಬರೆದಿದ್ದೇನೆ. ನಿಮ್ಮ ತಂದೆ ಎಚ್ಚರವಿದ್ದರು ಎಂದೂ ಬರೆಯಲಾಗುವುದಿಲ್ಲ, ಕ್ಷಮಿಸಿ." ಅವಳು "ಗೊತ್ತು" ಎಂದಷ್ಟೇ ಬರೆದಳು.

ಅದೇ ವಾರ ಅಮ್ಮನ ಹೊಸ ಕನ್ನಡಕ ಸಿದ್ಧವಾಯಿತು. ಅಮ್ಮ ಮೆಟ್ಟಿಲಿಳಿದು ಬಂದು ಗಿರಾಕಿಗಳ ಬೆಂಚಿನಲ್ಲಿ ಕೂತಳು. ತಾನೇ ಕತ್ತರಿಸಿದ ಬಟ್ಟೆಯ ತುಂಡಿನಿಂದ ಗಾಜು ಒರೆಸಿ ಹಾಕಿಕೊಂಡು, "ಕೊಡು ಆ ಫೋನು" ಎಂದಳು. ಒತ್ತೊತ್ತಿ ಓದಿದಳು: "ಗೇಟುಗಳನ್ನು ತೆರೆಯಲು ತಡವಾದುದರ ಕಾರಣ, ದೊರೆತ ಆಧಾರಗಳಿಂದ, ತಿಳಿದುಬಂದಿಲ್ಲ."

"ನಿಮ್ಮಪ್ಪ ಎಲ್ಲಿ?"

"ಇಲ್ಲಮ್ಮ. ತೆಗೆದಾಯ್ತು."

"ಒಳ್ಳೇ ಮಾತೂ ಇಲ್ವಾ?"

"ಒಳ್ಳೇದೂ ಇಲ್ಲ."

ಹೊರಗೆ ಬೀದಿಯಲ್ಲಿ ಯಾರೋ ಯಾರನ್ನೋ "ಏಯ್, ಗೇಟು ಕಾಯ್ತಿದೀಯಾ?" ಎಂದು ಕೂಗಿ ಎಬ್ಬಿಸುತ್ತಿದ್ದರು. ಅವಳು ಅಮ್ಮನ ಮುಖ ನೋಡಿದಳು. ಅಮ್ಮ ತಲೆಯೆತ್ತಲಿಲ್ಲ. ಬೆರಳು ಪರದೆಯ ಮೇಲೆ ಜಾರಿ, ಮಗಳು ಹಾಕಿದ್ದ ಅಣೆಕಟ್ಟಿನ ಚಿತ್ರದ ಬಳಿ ನಿಂತಿತ್ತು.

"ಆ ಕೊನೇ ಚಕ್ರ ಬಲು ಬಿಗಿ ಅಂತ ನಿಮ್ಮಪ್ಪ ಮೊದಲಿಂದ್ಲೂ ಹೇಳ್ತಿದ್ರು" ಎಂದಳು ಅಮ್ಮ. "ಇಬ್ಬರು ಬೇಕಂತೆ ಅದಕ್ಕೆ. ಇದ್ದದ್ದು ಇವರೊಬ್ಬರೇ."

ಎರಡು ಬೆರಳಿಂದ ಚಿತ್ರವನ್ನು ಹಿಗ್ಗಿಸಿದಳು. ಐದನೆಯ ಚಕ್ರ ಹತ್ತಿರ ಬಂತು. ಇನ್ನೂ ಹಿಗ್ಗಿಸಿದಳು, ಅದರ ಅಂಚುಗಳೆಲ್ಲ ಕರಗಿ, ಕೈಯಲ್ಲಿ ಬರಿಯ ತುಕ್ಕಿನ ಬಣ್ಣ ಉಳಿಯುವವರೆಗೂ.