ಗುಂಡು ಅಂದರೆ

ಮಸಿ ಹಚ್ಚಿಯೇಬಿಟ್ಟ, ನಾನಿನ್ನೂ ಒಂದು ಸಾಲು ಓದಿಲ್ಲ, ಜವಾನ ಚೆನ್ನಯ್ಯ ಆಗಲೇ ಅವಳ ಹೆಬ್ಬೆಟ್ಟನ್ನು ಹಿಡಿದು ಹೊರಳಿಸಿ ಹೊರಳಿಸಿ ಕಪ್ಪು ಮಾಡಿಬಿಟ್ಟ, ಮುಖ ಕೂಡ ನೋಡದೆ — ಅವಳು ಅದನ್ನು ಸೀರೆಗೆ ತಾಕದಂತೆ ಗಾಳಿಯಲ್ಲಿ ಎತ್ತಿ ಹಿಡಿದುಕೊಂಡು ನಿಂತಿದ್ದಾಳೆ. ಓದಿ ಮಿಸ್ಟರ್ ಈಶ್ವರಯ್ಯ, ಬೇಗ ಓದಿ ಒತ್ತಿಸಿ, ಇನ್ನೂ ಮೂವರು ಸಾಕ್ಷಿಗಳಿದ್ದಾರೆ, ಊಟದ ಹೊತ್ತಾಯಿತು, ಅಂದರು ಮೇಜಿನ ಆಚೆಯಿಂದ ವಿಚಾರಣೆಯ ಅಧಿಕಾರಿಗಳು. ಓದುತ್ತೇನೆ ಸಾರ್. ಗಂಟಲು ಸರಿಮಾಡಿಕೊಳ್ಳುತ್ತೇನೆ. ಕಾಗದದ ಮೇಲೆ ನನ್ನದೇ ಅಕ್ಷರ, ದುಂಡಗೆ, ಮೈಸೂರಿನಲ್ಲಿ ಬಿ.ಎ. ಮಾಡಿದವನ ಇಂಗ್ಲಿಷು, ಒಂದು ಚಿತ್ತುಕಾಟು ಇಲ್ಲ. ಮೊದಲ ಸಾಲು ಸುಲಭ, ಅದನ್ನು ಕನ್ನಡ ಮಾಡಿ ಹೇಳಿದೆ — ಮಾಳಿಗೆಕೊಪ್ಪಲಿನ ಬೆಟ್ಟಮ್ಮ, ವಯಸ್ಸು ಸುಮಾರು ಐವತ್ತು, ಬೇಸಾಯ, ಸತ್ತುಹೋದ ಮಂಚಯ್ಯನ ತಾಯಿ. ತಲೆಯಾಡಿಸಿದಳು. ಊಂ ಸಾಮಿ, ನಾನೇಯ. ಎರಡನೆಯ ಸಾಲಿನಲ್ಲಿ ಆ ಮಾತು ಇದೆ. ಅಲ್ಲಿಗೆ ಬಂದು ನಿಂತೆ. ಇದೇ ಬಂಗಲೆ, ಇದೇ ಮೇಜು, ಚನ್ನರಾಯಪಟ್ಟಣದ ಇದೇ ಬಿಸಿಲು ಕಿಟಕಿಯಲ್ಲಿ, ನಿನ್ನೆ ಎಂಟು ಜನರ ಎದುರು ಆ ಮಾತನ್ನು ಎಷ್ಟು ಸಲೀಸಾಗಿ ಓದಿದೆ, ಎಂಟೂ ಜನ ತಲೆಯಾಡಿಸಿದರು, ಎಂಟೂ ಜನ ಒತ್ತಿದರು, ಕೆಳಗೆ ನಾನು ಸಹಿ ಹಾಕಿದೆ, ಹೇಳಿಕೆಯನ್ನು ಕನ್ನಡದಲ್ಲಿ ಓದಿ ಹೇಳಿದ್ದೇನೆ, ಸರಿಯಿದೆ ಎಂದು ಒಪ್ಪಿದ್ದಾರೆ ಅಂತ.

ಒಪ್ಪದೆ ಏನು ಮಾಡುತ್ತಾರೆ, ಆ ಮಾತೇ ಹಾಗಿದೆ — ಗುಂಡು. ನಿನ್ನೆ ಮೊದಲ ಸಾಕ್ಷಿ ನಂಜಪ್ಪ, ಈಗಲೂ ಹೊರಗೆ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದಾನೆ, ಊರಿನ ಹೆಂಗಸನ್ನು ಒಂಟಿಯಾಗಿ ಕಳಿಸಲಾರೆ ಅಂತ ಬಂದವನು, ಬಂದಾಗಿನಿಂದ ಕೊಂಕು, ತೀರ್ಮಾನ ಆಗೋಗ್ಯದೆ ಕಣ್ರಪ್ಪೋ, ತೀರ್ಮಾನಕ್ಕೊಂದು ವಿಚಾರಣೆ ಬೇಕಲ್ಲ ಅಂತ ಈಗ ಕರೆಸವ್ರೆ, ಯೋಳ್ರಿ ಯೋಳ್ರಿ, ಬಾಯಿ ನಮ್ದು, ಮಸಿ ಅವ್ರದು. ಅವನು ಹೇಳಿದ್ದು ಇಷ್ಟೇ — ಸಂತೇಲಿ ಐಕ್ಳು ಸ್ವರಾಜ್ಯದ್ ಬಾವುಟ ಕಟ್ಟುದ್ರು ಸಾ, ಪೋಲೀಸ್ನೋರು ಕೋವಿ ಎತ್ತುದ್ರು, ಗುಂಡು ಬಂದೊ, ಮೂರಾಳು ಬಿದ್ದೋದ್ರು. ಅಧಿಕಾರಿಗಳು ಪೆನ್ಸಿಲ್ ಎತ್ತಿ ಕೇಳಿದರು, ಗುಂಡು ಅಂದರೆ? ಅವರು ಪರಸ್ಥಳದವರು, ನಮ್ಮ ಮಾತು ಅರ್ಧ ಬರುತ್ತದೆ, ಬೇಕಾದ ಅರ್ಧ ಬರುತ್ತದೆ. ನಾನು ಬಾಯಿ ತೆರೆದೆ, ವರ್ಷಗಟ್ಟಲೆ ಎಲ್ಲಿಯೂ ಮಾತಾಡದವನು ಅಲ್ಲಿ ಮಾತಾಡಿದೆ, ಕನ್ನಡದಲ್ಲಿ ಇದೊಂದು ಸ್ವಾರಸ್ಯ ಸಾರ್, ಗುಂಡು ಅಂದರೆ ದುಂಡನೆಯ ಕಲ್ಲು, ಹಳ್ಳಿಗಳಲ್ಲಿ ಗುಡಿಯ ಮುಂದೆ ಗಂಡಸರು ಬಲಪರೀಕ್ಷೆಗೆ ಎತ್ತುವುದೂ ಗುಂಡು, ಕೋವಿಯಿಂದ ಬರುವುದೂ ಗುಂಡು, ಮೂರಕ್ಕೂ ಒಂದೇ ಮಾತು. ಥೂ. ಪಂಡಿತ. ನನ್ನ ಬಾಯಿಗೆ ಹುಳ ಬೀಳಲಿ. ಅವರು ನಕ್ಕರು, ಬಹಳ ಸ್ವಾರಸ್ಯ, ಹಾಗಾದರೆ ಮೂಲ ಅರ್ಥ ಕಲ್ಲು, ಸ್ಟೋನ್ ಅಂತ ಬರೆಯಿರಿ. ಇಲ್ಲ ಸಾರ್, ಇಲ್ಲಿ ಬುಲೆಟ್. ಹೇಗೆ ಹೇಳುತ್ತೀರಿ, ನೀವು ಸಂತೆಯಲ್ಲಿದ್ದಿರಾ? ಇರಲಿಲ್ಲ. ಮತ್ತೆ? ಪೊಲೀಸರು ಕೋವಿ ಎತ್ತಿದ್ದು ಆಕಾಶಕ್ಕೆ ಅಂತ ಅವರ ವರದಿಯಿದೆ, ಆಮೇಲೆ ದುಂಡು ಕಲ್ಲು ಬಂದವು ಅಂತ ಇವನೇ ಹೇಳುತ್ತಿದ್ದಾನೆ, ನೀವು ತರ್ಜುಮೆಗಾರರು ಮಿಸ್ಟರ್ ಈಶ್ವರಯ್ಯ, ಸಾಕ್ಷಿಯಲ್ಲ. ಅಷ್ಟೇ. ನನ್ನ ಪೆನ್ನು ಬರೆಯಿತು, ಸ್ಟೋನ್ಸ್ ಕೇಮ್. ಹಾಳಾಗಿ ಹೋಗಲಿ ಅಂತ ಬರೆದದ್ದಲ್ಲ, ಕೆಲಸ ಉಳಿಯಲಿ ಅಂತಲೂ ಅಲ್ಲ — ಸುಳ್ಳು, ಅದೇ, ಕೆಲಸ ಉಳಿಯಲಿ ಅಂತಲೇ, ಹಾಸನದ ಕಚೇರಿಗೆ ಖಾಯಂ ಮಾಡಿಸುತ್ತೇನೆ ಅಂತ ಇದೇ ಅಧಿಕಾರಿಗಳು ಅಂದಿದ್ದರಲ್ಲ, ಅರಕಲಗೂಡಿನ ಜವಳಿ ಅಂಗಡಿಯಲ್ಲಿ ಅಪ್ಪ ದೊಡ್ಡಯ್ಯನವರು ಬಂದ ಗಿರಾಕಿಗೆಲ್ಲ ಹೇಳಿಯಾಗಿದೆಯಲ್ಲ, ನಮ್ಮ ಈಶ ಸರ್ಕಾರಿ ಕೆಲಸ್ದಲ್ಲವ್ನೆ ಅಂತ, ನನಗೂ ಬುದ್ಧಿ ಹೇಳಿ ಕಳಿಸಿದ್ದರು, ಬಾಯಿ ಮುಚ್ಕೊಂಡಿದ್ರೆ ಯಾವನ್ ಕೆಲ್ಸಾನೂ ಓಗಲ್ಲ ಕಣಪ್ಪ.

ಆಮೇಲೆ ಎಲ್ಲ ಸುಲಭ. ಓದಿ ಹೇಳುವಾಗ ಸ್ಟೋನ್ ಎಂಬುದನ್ನು ಮತ್ತೆ ಕನ್ನಡಕ್ಕೆ ತಂದೆ, ಗುಂಡು ಅಂದೆ. ಗುಂಡು ಬಂದವು ಅಂತ ಹೇಳಿದ್ದೀಯ, ಸರಿಯೇ ನಂಜಪ್ಪ? ಸರಿ ಸಾ, ಗುಂಡೇಯ. ಒತ್ತು. ಅವನಿಗೆ ತನ್ನ ಮಾತೇ ತನಗೆ ವಾಪಸು ಬಂದ ಹಾಗೆ ಕೇಳಿಸಿತು. ಮೋಸ ಮಾಡಿದ್ದೇನೆ ಅಂತ ಹೇಳಲು ಬರುವುದಿಲ್ಲ, ಒಂದು ಅಕ್ಷರ ಹೆಚ್ಚು ಕಡಿಮೆಯಿಲ್ಲ, ಎಷ್ಟು ಶುದ್ಧವಾದ ಮೋಸ! ಎಂಟು ಸಲ. ಇವತ್ತು ಬೆಳಿಗ್ಗೆ ಎಂಟನ್ನೂ ಸಾಲಾಗಿ ಇಟ್ಟುಕೊಂಡು ಚೊಕ್ಕ ಪ್ರತಿ ಮಾಡುವಾಗ ಕಣ್ಣಿಗೆ ಹೊಡೆಯಿತು, ಮಾಳಿಗೆಕೊಪ್ಪಲಿನ ಎಂಟು ಜನ ತಾವಾಗಿಯೇ ಬಂದು ಹೇಳಿದ್ದಾರೆ, ನಮ್ಮ ಮೂವರನ್ನು ಕೊಂದದ್ದು ನಮ್ಮ ಜನವೇ ಎಸೆದ ಕಲ್ಲು ಅಂತ. ಇದನ್ನು ಮುದ್ರಿಸಿ ಬೆಂಗಳೂರಿಗೆ ಕಳಿಸುತ್ತಾರೆ, ಅಲ್ಲಿ ಯಾರೋ ಕನ್ನಡಕ ತೆಗೆದು ಒರೆಸಿಕೊಂಡು ಹೇಳುತ್ತಾರೆ, ಪಾಪ, ಹಳ್ಳಿಯವರು ಸತ್ಯವಂತರು.

ಓದ್ರೀ. ಓದುತ್ತಿದ್ದೇನೆ ಸಾರ್. ಏನು ಓದಲಿ, ಇವಳ ಹೇಳಿಕೆ ಆ ಎಂಟಕ್ಕಿಂತ ಹೊಲಸಾಗಿದೆ. ಅರ್ಧ ಗಂಟೆಯ ಹಿಂದೆ ಅಧಿಕಾರಿಗಳೇ ಮೆತ್ತಗೆ ಕೇಳಿದರು, ನಿನ್ನ ಮಗ ಗಟ್ಟಿಗನಂತೆ, ಗುಂಡು ಎತ್ತುತ್ತಿದ್ದನಂತೆ, ಹೌದೇನಮ್ಮ? ಇಷ್ಟು ಕನ್ನಡ ಅವರಿಗೆ ನಿನ್ನೆ ನಾನೇ ಕಲಿಸಿದ್ದು. ಅವಳ ಮುಖ ಅರಳಿಬಿಟ್ಟಿತು, ಸತ್ತ ಮಗನ ಬಗ್ಗೆ ಇಷ್ಟು ದಿನದಲ್ಲಿ ಯಾರೂ ಒಂದು ಒಳ್ಳೆಯ ಮಾತು ಕೇಳಿರಲಿಲ್ಲವೇನೋ, ಊಂ ಕಣ್ ಸಾಮಿ, ನಮ್ ಮಂಚನಂಗೆ ಗುಂಡೆತ್ತೋನು ಏಳೂರಲ್ಲಿಲ್ಲ, ಬಸವಣ್ಣನ ಗುಡಿ ಮುಂದಲ ಗುಂಡ ಎಗಲ್ ಮ್ಯಾಕಾಕ್ಕೊಂಡು ಮೂರು ಸುತ್ತು ಬತ್ತಿದ್ದ, ಅವ್ರಪ್ಪನ ಕೈಲೂ ಅಲ್ಲಾಡ್ತಿರ್ನಿಲ್ಲ ಅದು! ಹೆಮ್ಮೆಯಿಂದ ನನ್ನ ಕಡೆಗೂ ನೋಡಿದಳು, ನೀನೂ ಕೇಳಿಸಿಕೊಂಡೆಯಾ ಅನ್ನುವಂತೆ. ಅವರು ಬರೆಸಿದರು, ಮೃತನು ಕಲ್ಲು ಎತ್ತಿದ. ಎತ್ತುತ್ತಿದ್ದ ಸಾರ್, ಗುಡಿಯ ಮುಂದೆ, ಅದು ಆಟ. ವಿವರ ಬೇಡ. ಆಮೇಲೆ ಅವಳು ದನಿ ತಗ್ಗಿಸಿ, ಗುಂಡು ಬಂದು ಎದೆಗೇ ಬಡೀತು, ಲಾರೀಲಿ ಎತ್ತಾಕ್ಕೊಂಡೋಗಗಂಟ ನನ್ ತೊಡೆ ಮ್ಯಾಲೇ ಇದ್ದ, ರಕ್ತ ನಿಲ್ಲಿಸ್ವ ಅಂತ ಒತ್ತುದ್ರೆ ಈ ಎಬ್ಬೆಟ್ಟು ಪೂರಾ ಒಳಿಕ್ಕೊಂಟೋಯ್ತು ಸಾಮಿ. ಈ ಎಬ್ಬೆಟ್ಟು. ತೋರಿಸಿದಳು. ಆಗ ಅದಕ್ಕೆ ಮಸಿ ಇರಲಿಲ್ಲ. ನಾನು ಬುಲೆಟ್ ಅಂದೆ, ಗಟ್ಟಿಯಾಗಿ ಅಂದೆ, ಅವರು ಕಣ್ಣೆತ್ತದೆ, ಮೇಲಿನ ಸಾಲಿನಲ್ಲಿ ಅದೇ ಮಾತಿಗೆ ಸ್ಟೋನ್ ಅಂತ ಹಾಕಿದ್ದೀರಿ, ಒಂದೇ ಹೇಳಿಕೆಯಲ್ಲಿ ಒಂದೇ ಮಾತಿಗೆ ಎರಡು ಅರ್ಥ ಬರಬಾರದು, ಪದವೀಧರರು ನೀವು. ಹೆಬ್ಬೆಟ್ಟಿನ ವಿಷಯ? ಅದು ಕೇಳದ ಪ್ರಶ್ನೆಗೆ ಉತ್ತರ, ಬಿಡಿ. ಬಿಟ್ಟೆ. ಕಲ್ಲು ಬಡಿದರೆ ಹೆಬ್ಬೆಟ್ಟು ಹೋಗುವಂಥ ತೂತು ಆಗುತ್ತದೆಯೇ ಅಂತ ಒಬ್ಬ ಮನುಷ್ಯನೂ ಕೇಳುವುದಿಲ್ಲ, ಕೇಳಬಾರದು ಅಂತಲೇ ಹೆಣಗಳನ್ನು ಹೊಳೆಯ ದಂಡೆಯಲ್ಲಿ ಪೊಲೀಸರೇ ಸುಟ್ಟರು, ವೈದ್ಯರ ಚೀಟಿಯಿಲ್ಲ, ಆ ತೂತಿಗಿದ್ದ ಸಾಕ್ಷಿ ಭೂಮಿಯ ಮೇಲೆ ಇದೊಂದು ಬೆರಳು, ಅದನ್ನೇ ಕಾಗದಕ್ಕೆ ಒತ್ತಿಸಿಕೊಂಡು ಇಲ್ಲ ಅನ್ನಿಸುತ್ತಾರೆ — ಅನ್ನಿಸುವವನು ನಾನು.

ಏನಾಯ್ತು ಸಾ, ಅಕ್ಸರ ಮರ್ತೋಯ್ತಾ, ಹೊರಗಿನಿಂದ ನಂಜಪ್ಪ. ಯಾರೋ ಕಿಸಕ್ಕನೆ ನಕ್ಕರು. ಬೆಟ್ಟಮ್ಮ ಎತ್ತಿದ ಕೈಗೆ ಇನ್ನೊಂದು ಕೈ ಆಸರೆ ಕೊಟ್ಟಳು, ಓದ್ ಮಗ, ಕೈ ಸೋಲ್ತದೆ. ಮಗ ಅಂದಳು. ಗುಂಡು ಅಂದರೆ ಮುಗಿಯಿತು, ಊಂ ಅನ್ನುತ್ತಾಳೆ, ಒತ್ತುತ್ತಾಳೆ, ಹಿರೀಸಾವೆಯ ಕಡೆಯ ಬಸ್ಸು ಹಿಡಿಯುತ್ತಾಳೆ, ಮಗನನ್ನು ಗಟ್ಟಿಗ ಅಂತ ದೊಡ್ಡ ಸಾಹೇಬರೇ ಬರೆದುಕೊಂಡರು ಅಂತ ಊರಿಗೆಲ್ಲ ಹೇಳುತ್ತಾಳೆ. ನನಗೆ ಕೆಲಸ. ಮಾತು ಎರಡೇ ಅಕ್ಷರ. ಇನ್ನೊಂದು ಮಾತೂ ಎರಡೇ ಅಕ್ಷರ.

ಕಲ್ಲು, ಅಂದೆ. ನನ್ನ ದನಿ ನನಗೇ ಪರಕೀಯ. ನಿನ್ನ ಮಗ ಕಲ್ಲು ಎತ್ತಿದ ಅಂತ ಬರೆದಿದೆ ಬೆಟ್ಟಮ್ಮ. ಕಲ್ಲು ಬಂದು ಅವನ ಎದೆಗೆ ಬಿತ್ತು ಅಂತ ಬರೆದಿದೆ. ಗುಂಡು ಅಲ್ಲ, ಕಲ್ಲು. ಅಧಿಕಾರಿಗಳ ತಲೆ ಮೇಲೆದ್ದಿತು, ಆ ಮಾತು ಅವರಿಗೂ ಗೊತ್ತು. ಅವಳಿಗೆ ಅರ್ಥವಾಗಲಿಲ್ಲ, ಆಮೇಲೆ ಆಯಿತು, ಆಗುವುದನ್ನು ನೋಡಿದೆ. ಕಲ್ಲಾ? ಯಾರ್ ಯೋಳುದ್ರು ಕಲ್ಲು ಅಂತವ? ನಾ ಯೋಳುದ್ನಾ? ಜಗುಲಿಯಲ್ಲಿ ನಂಜಪ್ಪ ಎದ್ದು ಬಾಗಿಲಿಗೆ ಬಂದಿದ್ದಾನೆ, ಕೊಂಕಿಲ್ಲ, ನಗುವಿಲ್ಲ, ನಂದ್ರಲ್ಲೂ ಅಂಗೇ ಬರ್ದಿದ್ದೀಯಾ ಸಾ? ಹೂಂ. ಎಲ್ಲಾರ್ದ್ರಲ್ಲೂವೇ? ಎಂಟರಲ್ಲೂ. ಒತ್ತಿಸು ಚೆನ್ನಯ್ಯ, ಅಂದರು ಅಧಿಕಾರಿಗಳು, ಬಹಳ ಮೆತ್ತಗೆ, ಮಿಸ್ಟರ್ ಈಶ್ವರಯ್ಯನವರಿಗೆ ಮೈ ಸರಿಯಿಲ್ಲ. ಚೆನ್ನಯ್ಯ ಅವಳ ಮಣಿಕಟ್ಟು ಹಿಡಿದ, ಕಾಗದದ ಮೇಲಕ್ಕೆ ಎಳೆದ, ಅವಳು ಕೂಗಲಿಲ್ಲ, ಅಳಲಿಲ್ಲ, ಹೆಬ್ಬೆಟ್ಟನ್ನು ಒಳಗೆ ಮಡಿಸಿ ಅದರ ಮೇಲೆ ನಾಲ್ಕು ಬೆರಳು ಮುಚ್ಚಿದಳು, ಅವನು ಒಂದು ಬೆರಳು ಬಿಡಿಸುತ್ತಾನೆ, ಇನ್ನೊಂದು ಬಿಡಿಸುವಷ್ಟರಲ್ಲಿ ಮೊದಲಿನದು ಮುಚ್ಚುತ್ತದೆ, ಗಿಣ್ಣುಗಳು ಬೆಳ್ಳಗಾಗಿವೆ, ಬೆರಳ ಸಂದಿಯಿಂದ ಮಸಿ ಜಿನುಗುತ್ತಿದೆ, ಕಾಗದ ಖಾಲಿ, ಹೆಬ್ಬೆಟ್ಟು ಒಳಗೆ, ಮತ್ತೆ ಒಂದು ಬೆರಳು, ಮತ್ತೆ ಮುಚ್ಚುತ್ತದೆ, ಹೆಬ್ಬೆಟ್ಟು ಒಳಗೆ — ಹೆಬ್ಬೆಟ್ಟು ಒಳಗೆ —