ಕಿಟಕಿಯಲ್ಲಿ ಅಧ್ಯಕ್ಷರ ಹೆಬ್ಬೆಟ್ಟು

ಸರ್ಕಾರದ ಟೆಂಡರ್ ಓದಿದರೆ ಪರೀಕ್ಷೆಗೆ ಕೂರುವವರು ದಾದಿಯರಲ್ಲ, ಜೈಲು ಮುರಿದು ಬಂದ ಕಳ್ಳರು ಅನ್ನಿಸಬೇಕು. ಮುಖ ಸ್ವಲ್ಪ ಹೊತ್ತು ಕ್ಯಾಮೆರಾಕ್ಕೆ ಕಾಣದಿದ್ದರೆ ಕಂಪ್ಯೂಟರ್ ತಾನೇ ಬೀಗ ಹಾಕಿಕೊಳ್ಳಬೇಕು. ಆ ಬೀಗ ಪರವಾನಗಿ ಮಂಡಳಿಯ ಅಧ್ಯಕ್ಷರ ಹೆಬ್ಬೆಟ್ಟಿಗಲ್ಲದೆ ತೆರೆಯಬಾರದು. ಪರೀಕ್ಷೆ ನಡೆಯುವಾಗ ಹೊರಗಿನವರು ಒಳಗೆ ಕಾಲಿಡಬಾರದು. ಇದನ್ನೆಲ್ಲ ಬರೆದವರು ಸ್ವತಃ ಅಧ್ಯಕ್ಷ ಸಾಲೊಂಗೊ ಕಿಯಿಂಬಾ. ಬರೆದದ್ದು ಬೇರೆಯವರಿಗಾಗಿ.

ನಮ್ಮದು ಮುಕೋನೊ ಪಟ್ಟಣದ ಪುಟ್ಟ ಕಂಪನಿ. ಒಡತಿ ನಾಲೊಂಗೊ. ಅವಳಿ ಮಕ್ಕಳ ತಾಯಿಯನ್ನು ನಾಲೊಂಗೊ, ತಂದೆಯನ್ನು ಸಾಲೊಂಗೊ ಎನ್ನದೆ ಬರೀ ಹೆಸರು ಹಿಡಿದು ಕೂಗುವಷ್ಟು ಕೊಬ್ಬು ನಮ್ಮಲ್ಲಿ ಯಾರಿಗೂ ಇಲ್ಲ. ನಾನು ಲುಬೋವಾ, ಅವಳ ಏಕೈಕ ಕಂಪ್ಯೂಟರ್ ಪಂಡಿತ. ಅಂದರೆ ಕರೆಂಟ್ ಹೋದಾಗ ಜನರೇಟರಿನ ಹಗ್ಗ ಎಳೆಯುವವನೂ ನಾನೇ. ದಾದಿಯರ ಪರವಾನಗಿ ಪರೀಕ್ಷೆ ನಡೆಸುವ ಗುತ್ತಿಗೆ ಸಿಕ್ಕರೆ ಕಂಪನಿ ಉಳಿಯುತ್ತದೆ, ಇಲ್ಲದಿದ್ದರೆ ಮತ್ತೆ ಮದುವೆ ಕರೆಯೋಲೆ ಮುದ್ರಿಸುತ್ತ ಕೂರಬೇಕು. ಕಣದಲ್ಲಿ ಉಳಿದಿದ್ದವರು ನಾವು ಮತ್ತು ಕಂಪಾಲಾದ ಒಂದು ದೊಡ್ಡ ಕಂಪನಿ. ಬೆಳಿಗ್ಗೆ ಅವರು ಪ್ರಯೋಗಕ್ಕೊಂದು ಪರೀಕ್ಷೆ ನಡೆಸಿ ತೋರಿಸಿದ್ದರು, ಮಧ್ಯಾಹ್ನ ನಮ್ಮ ಸರದಿ. ಸಭಾಂಗಣ ಅದೇ, ಬರೆಯುವ ದಾದಿಯರೂ ಅವರೇ.

ಮೊದಮೊದಲು ಎಲ್ಲ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಡೆಯಿತು. ದಾದಿಯರು ತುಟಿ ಬಿಚ್ಚದೆ ಉತ್ತರ ಒತ್ತುತ್ತಿದ್ದರು. ಅಷ್ಟರಲ್ಲಿ ಬೇಯಿಸಿದ ಬಾಳೆಕಾಯಿ ಮಟೋಕೆಯ ಊಟ ಮುಗಿಸಿದ ಸಾಲೊಂಗೊ, ಹೇಗೆ ನಡೆಯುತ್ತಿದೆ ನೋಡೋಣವೆಂದು ಟೆಂಡರ್ ಸಮಿತಿಯ ಇಬ್ಬರು ಸದಸ್ಯರೊಂದಿಗೆ ಬಾಗಿಲು ತಳ್ಳಿ ಒಳಗೇ ಬಂದುಬಿಟ್ಟರು.

ಹಿರಿಯರು ಬಂದಾಗ ಕುರ್ಚಿಯಲ್ಲೇ ಕೂತಿರಲು ದಾದಿಯರೇನು ತಾಯಿತಂದೆ ಇಲ್ಲದೆ ಬೆಳೆದವರೇ? ಇಡೀ ಸಭಾಂಗಣದ ಹೆಂಗಸರು ಒಟ್ಟಿಗೆ ಕುರ್ಚಿಯಿಂದ ಜಾರಿ ಮೊಣಕಾಲೂರಿ, ಸ್ವಾಮಿ ಎನ್ನುವಂತೆ ಸೆಬೊ ಎಂದು ವಂದಿಸಿದರು.

"ಹಗಲು ಹೇಗೆ ಕಳೀತು, ಸೆಬೊ?"

"ಚೆನ್ನಾಗೇ ಕಳೀತು ಮಕ್ಕಳೇ. ನಿಮ್ದು?"

"ಚೆನ್ನಾಗಿದೆ, ಸೆಬೊ."

"ಮ್ಮ್."

"ಏಏ."

"ಮ್ಮ್."

ಈ ಹೂಂಗುಟ್ಟುವುದನ್ನು ನಡುವೆ ನಿಲ್ಲಿಸಿದರೆ ಮುಖಕ್ಕೆ ಬೈದಷ್ಟೇ ಅವಮಾನ. ಅದು ಮುಗಿಯುವ ಹೊತ್ತಿಗೆ ಒಂದೊಂದೇ ಪರದೆ ಕೆಂಪಾಗಿ ಕಿರುಚತೊಡಗಿತು. ಅಭ್ಯರ್ಥಿ ಪರಾರಿ, ಪರೀಕ್ಷೆಗೆ ಬೀಗ.

"ಯಾರು ಕಾಪಿ ಹೊಡೆದೋರು?" ಸಾಲೊಂಗೊ ಗದರಿದರು.

"ಯಾರೂ ಇಲ್ಲ, ಸೆಬೊ. ನಿಮ್ಗೆ ನಮಸ್ಕಾರ ಮಾಡಿದ್ರು, ಅಷ್ಟೆ. ಇಲ್ಲೊಂದು ಹೆಬ್ಬೆಟ್ಟು ಒತ್ತಿ," ಎಂದು ನಾನು ಬೆರಳಚ್ಚಿನ ಯಂತ್ರ ಹಿಡಿದೆ.

ಒತ್ತಿದರು. ಎಲ್ಲ ಬೀಗಗಳೂ ತೆರೆದವು. ಬಾಗಿಲಿಗೆ ಹೋದವರು ಸುಮ್ಮನೆ ಹೋಗಬಾರದೇ? ತಿರುಗಿ ನಿಂತು, "ಚೆನ್ನಾಗಿ ಬರೀರಿ ಮಕ್ಕಳೇ," ಎಂದು ಹರಸಿದರು. ಹರಸಿದವರಿಗೆ ವಂದಿಸದೆ ಇರಲಾದೀತೇ? ಹೆಂಗಸರು ಮತ್ತೆ ನೆಲಕ್ಕೆ, ಪರದೆಗಳು ಮತ್ತೆ ಕೆಂಪಗೆ. ನನಗೆ ಅಳುವೇ ಬಂತು. ಮದುವೆ ಕರೆಯೋಲೆಗಳ ಗುಲಾಬಿ ಹೂಗಳು ಕಣ್ಣೆದುರು ಕುಣಿದವು.

ಆಗ ಮೂಲೆಯಲ್ಲಿ ಕೂತಿದ್ದ ನಾಲೊಂಗೊ ಎದ್ದಳು. ಸಾಲೊಂಗೊ ಮುಂದೆ ಹೋಗಿ, ಉಟ್ಟಿದ್ದ ಉದ್ದನೆಯ ಗೊಮೆಸಿಯ ನೆರಿಗೆ ಸರಿಮಾಡಿಕೊಂಡು ಮೊಣಕಾಲೂರಿ, ತಲೆ ತಗ್ಗಿಸಿ, ಮಗು ಮಲಗಿಸುವ ದನಿಯಲ್ಲಿ ಹೇಳಿದಳು:

"ಸಾಲೊಂಗೊ, ನನ್ನಪ್ಪ, ಹೊರಗೆ ನಡೀರಿ."

"ಏನಂದೆ?"

"ಹೊರಗಿನೋರು ಒಳಗೆ ಬರ್ಬಾರ್ದು ಅಂತ ನೀವೇ ಬರ್ದಿದ್ದೀರಲ್ಲ, ಸೆಬೊ. ಹೆಬ್ಬೆಟ್ಟು ಮಾತ್ರ ಕಿಟಕಿಯಿಂದ ಕೊಡಿ. ಮಿಕ್ಕಿದ್ದು ಹೊರಗಿರ್ಲಿ."

ಸಮಿತಿಯ ಸದಸ್ಯರಿಬ್ಬರೂ ಚಾವಣಿ ನೋಡತೊಡಗಿದರು.

"ಬೆಳಿಗ್ಗೆಯೋರು ನನ್ಗೆ ಕುರ್ಚಿ ಹಾಕಿ ಸೋಡಾ ಕೊಟ್ರು, ಗೊತ್ತಾ?"

"ಸೋಡಾ ಹೊರಗೇ ಕಳಿಸ್ತೀನಿ, ಸೆಬೊ."

ಹೋದರು. ಹೋದ ರೀತಿ ನೋಡಿಯೇ ನಾನು ಗುತ್ತಿಗೆಗೆ ಎಳ್ಳುನೀರು ಬಿಟ್ಟೆ. ಸ್ವಲ್ಪ ಹೊತ್ತಿಗೆ ಕಿಟಕಿಯ ಕೆಳಗೆ ಏದುಸಿರು ಕೇಳಿಸಿತು. ಮಂಡಳಿಯ ಅಧ್ಯಕ್ಷರು ಯಾರಿಗೂ ಕಾಣದಂತೆ ಕುಕ್ಕರುಗಾಲಲ್ಲಿ ಕೂತು ಹೆಬ್ಬೆಟ್ಟನ್ನಷ್ಟೇ ಮೇಲೆತ್ತಿದ್ದರು. ಯಂತ್ರವನ್ನು ಅದಕ್ಕೆ ತಾಗಿಸಿ ಬೀಗ ತೆರೆಸಿದೆ. ಹಿಂದಿನ ಸಾಲಿನ ದಾದಿಯೊಬ್ಬಳು ಹೆಬ್ಬೆಟ್ಟನ್ನು ಕಂಡು ಭಕ್ತಿಯಿಂದ ಅರ್ಧ ಬಗ್ಗಿಯೂಬಿಟ್ಟಳು. ನಾಲೊಂಗೊ ಕಣ್ಣು ಬಿಟ್ಟಳೆಂದು ನೆಟ್ಟಗಾದಳು. ಆಮೇಲೆ ಒಂದು ಪರದೆಯೂ ಕಿರುಚಲಿಲ್ಲ.

ಪರೀಕ್ಷೆ ಮುಗಿಸಿ ಹೊರಬಂದಾಗ ಸಾಲೊಂಗೊ ಹಲಸಿನ ಮರದಡಿ ಸೋಡಾ ಕುಡಿಯುತ್ತ ಕೂತಿದ್ದರು. ಸದಸ್ಯನೊಬ್ಬ ಅವರನ್ನು ಮೆಲ್ಲಗೆ ಕೇಳಿದ:

"ಹಾಗಾದ್ರೆ ಕಂಪಾಲಾದೋರಿಗೇ ಕೊಡೋಣ್ವಾ? ಅವ್ರ ಯಂತ್ರ ಒಂದ್ಸಲಾನೂ ಕಿರುಚ್ಲಿಲ್ಲ."

"ಅದೇ ನೋಡು. ಬೆಳಿಗ್ಗೆನೂ ನಾನು ಒಳಗೆ ಹೋಗಿದ್ದೆ, ಈ ದಾದಿಯರು ಆಗ್ಲೂ ಮಂಡಿ ಊರಿದ್ರು. ಖಾಲಿ ಕುರ್ಚಿಗಳು ಪರೀಕ್ಷೆ ಬರೀತಿದ್ವು, ಆ ಯಂತ್ರಕ್ಕೆ ಗೊತ್ತೇ ಆಗ್ಲಿಲ್ಲ." ಸಾಲೊಂಗೊ ನೋಯುತ್ತಿದ್ದ ಮಂಡಿ ನೀವಿಕೊಂಡರು. "ಇವ್ಳು ನನ್ನನ್ನೇ ಹೊರಗೆ ಹಾಕಿದ್ಳು. ಇನ್ಯಾರನ್ನ ಒಳಗೆ ಬಿಟ್ಟಾಳು? ಗುತ್ತಿಗೆ ಇವ್ಳಿಗೇ."

ನನಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು. ನಾಲೊಂಗೊ ಕಣ್ಣೊರೆಸಿಕೊಂಡು ಮೊಣಕಾಲೂರಲು ಬಗ್ಗಿದಳು. ಸಾಲೊಂಗೊ ಗಾಬರಿಯಿಂದ ಕೈ ಅಡ್ಡ ಹಿಡಿದು, ಮರದ ಮೇಲೂ ಒಮ್ಮೆ ಕಣ್ಣಾಡಿಸಿದರು.

"ಬೇಡ ತಾಯಿ, ಬೇಡ. ಎಲ್ಲಾದ್ರೂ ಕ್ಯಾಮೆರಾ ಇದ್ದೀತು."