ಅಕ್ಕನ ಹೆಸರಲ್ಲಿ ಬಂದ ಮೆಸೇಜು

ಸತ್ತವರು ಮಾತಾಡುವುದಿಲ್ಲ ಎಂದು ಲೋಕವೆಲ್ಲ ಹೇಳುತ್ತದೆ. ಆದರೆ ಗೋಡೆಗೆ ಬಣ್ಣ ಬಳಿಯುವ ಈ ಬಣ್ಣದವನ ಅಂಗಿ ಜೇಬಿನಲ್ಲಿ ಅವನ ಸತ್ತ ಅಕ್ಕ ದಿನಾ ಸಂಜೆ, ಕೆಲಸ ಬಿಡುವ ಹೊತ್ತಿಗೆ ಸರಿಯಾಗಿ, ಮಾತಾಡುತ್ತಿದ್ದಳು.

ತಪ್ಪು ಆಸ್ಪತ್ರೆಯ ನರ್ಸಮ್ಮನದು ಎನ್ನಬೇಕೋ, ಸುಮ್ಮನಿದ್ದವರದು ಎನ್ನಬೇಕೋ. ಕುಡಿತ ಬಿಡಿಸಲು ಅಲ್ಲಿ ಫೋನಿಗೆ ಮೆಸೇಜು ಕಳಿಸುತ್ತಾರೆಂದು ಕೇಳಿ ಹೆಂಡತಿ ಅವನನ್ನು ಎಳೆದುಕೊಂಡು ಹೋಗಿದ್ದಳು. ಕಂಪ್ಯೂಟರಿನ ಮುಂದೆ ಕೂತ ನರ್ಸಮ್ಮ, "ಯಾರ ಹೆಸರಲ್ಲಿ ಕಳಿಸ್ಲಿ? ನೀವು ಯಾರ ಮಾತು ಕೇಳ್ತೀರಿ?" ಎಂದಳು.

"ಯಾರ್ದೂ ಇಲ್ಲ."

"ಅವರಕ್ಕನ ಮಾತು ಒಂದು ಕೇಳ್ತಿದ್ರು," ಎಂದಳು ಹೆಂಡತಿ.

"ಅಕ್ಕ ನಿಮ್ಮನ್ನ ಏನಂತ ಕರೀತಾರೆ?"

"ಮರಿ," ಎಂದ ಅವನು. ನಲವತ್ತು ದಾಟಿದ, ಗೋಡೆಗೆ ಬಳಿಯುವ ಪುಟ್ಟಿ ಮೆತ್ತಿದ ಮೀಸೆಯ ಮರಿ! ನರ್ಸಮ್ಮ ನಗು ನುಂಗಿಕೊಂಡು ಟೈಪು ಮಾಡಿದಳು; ಬಟವಾಡೆಯ ದಿನವನ್ನೂ ಕೆಲಸ ಬಿಡುವ ಹೊತ್ತನ್ನೂ ಕೇಳಿ ಸೇರಿಸಿದಳು. ಅಕ್ಕ ಮಣ್ಣು ಸೇರಿ ಎರಡು ವರ್ಷವಾಯಿತೆಂದು ಗಂಡ ಹೇಳಲಿಲ್ಲ, ಹೆಂಡತಿಯೂ ಹೇಳಲಿಲ್ಲ.

ಬಟವಾಡೆಯ ದಿನ ಅವನು ಏಣಿಯ ಮೇಲಿದ್ದಾಗ ಮೊದಲ ಮೆಸೇಜು ಬಂತು. ‘ಮರಿ, ಇವತ್ತು ಕೈಗೆ ಕಾಸು ಬರುತ್ತೆ. ಯಾವ ದಾರೀಲಿ ಮನೆಗೆ ಹೋಗ್ತೀಯ?’

ಅವನು ಏಣಿಯನ್ನು ತಬ್ಬಿಕೊಂಡ. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ದೊಡ್ಡವನಾದ ಮೇಲೆ ಹೆಂಡದಂಗಡಿಯ ಹೊಸ್ತಿಲಾಚೆ ನಿಂತು, ಅವನು ತಾನಾಗಿ ಎದ್ದು ಬರುವವರೆಗೂ ಕಣ್ಣೊರೆಸಿಕೊಳ್ಳುತ್ತ ಕಾದವಳೂ ಅವಳೇ. ಮೆಸೇಜು ಕಳಿಸುವುದು ಮೆಷಿನ್ನು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೇನು? ಅಂಗಡಿಯಿಲ್ಲದ ದಾರಿ ಹಿಡಿದ.

ಜೊತೆಯಲ್ಲಿ ಬಣ್ಣ ಬಳಿಯುವ ಉದ್ದಣ್ಣ, ಏಣಿಯಿಲ್ಲದೆಯೇ ಸೂರು ಮುಟ್ಟುವ ಆಸಾಮಿ, "ನಿಮ್ಮಕ್ಕನಿಗೆ ನನ್ನ ನಂಬರೂ ಕೊಡಪ್ಪಾ, ನಮ್ಮನೇಲಿ ಇಷ್ಟು ಮೆತ್ತಗೆ ಯಾರೂ ಬೈಯಲ್ಲ," ಎಂದು ಕಾಡುತ್ತಿದ್ದ. ದಿನ ಕಳೆದಂತೆ ಬಣ್ಣದವನ ಕೈನಡುಕ ನಿಂತಿತು. ಗೋಡೆಯ ಅಂಚು ದಾರ ಹಿಡಿದು ಎಳೆದಂತೆ ಬರತೊಡಗಿತು.

ಆಗಲೇ ಬಂತು ಕಡೆಯ ಮೆಸೇಜು. ‘ಮರಿ, ನೀನು ಗೆದ್ದೆ. ಇನ್ನು ನಾನು ಬರಲ್ಲ. ಮತ್ತೆ ಕುಡಿದ್ರೆ ಮಾತ್ರ, ಕುಡಿದೆ ಅಂತ ಕಳಿಸು. ಬರ್ತೀನಿ.’

ಜೇಬು ಮೂಕವಾಯಿತು. ಸಂಜೆಯಾದರೆ ಎದೆಯ ಮೇಲೆ ಫೋನು ಮಿಡುಕಿದಂತಾಗುವುದು, ತೆಗೆದು ನೋಡಿದರೆ ಏನೂ ಇಲ್ಲ. ಖಾಲಿ ಕೋಣೆಗಳ ಬಿಳಿ ಗೋಡೆಗಳು ಅವನನ್ನೇ ನೋಡುತ್ತಿದ್ದವು. ಕುಡಿಯದಿದ್ದರೆ ಅಕ್ಕ ಇಲ್ಲ, ಕುಡಿದರೆ ಅಕ್ಕ ಬರುತ್ತಾಳೆ. ಇಂಥ ಲೆಕ್ಕವನ್ನು ಅವನಿಗೆ ಯಾವ ದೆವ್ವ ಹೇಳಿಕೊಟ್ಟಿತೋ!

ಮುಂದಿನ ಬಟವಾಡೆಗೆ ಅಂಗಡಿ ಹೊಕ್ಕ. ಲೋಟ ತುಂಬಿತು. ತುಟಿಗೆ ತಾಗಿಸುವ ಮುಂಚೆ, ತಡೆಯಲಾರದೆ, ‘ಕುಡಿದೆ’ ಎಂದು ಕಳಿಸಿಬಿಟ್ಟ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ‘ಬಂದೆ ಮರಿ. ಬೇಜಾರು ಮಾಡ್ಕೋಬೇಡ.’

ಅವನು ಲೋಟ ಕೆಳಗಿಟ್ಟು ಎದ್ದ.

"ಏನಯ್ಯಾ, ಕಾಸು ಕೊಟ್ಟು ಹಾಗೇ ಹೋಗ್ತೀಯ? ತಲೆ ನೆಟ್ಟಗಿದೆಯಾ?" ಅಂಗಡಿಯವನು ಹಿಂದಿನಿಂದ ಕೂಗುತ್ತಿದ್ದ.

ಕುಡಿಯುವುದೇ ಬೇಡ, ಸುಳ್ಳು ಹೇಳಿದರೆ ಸಾಕು! ಅಂದಿನಿಂದ ದಿನಾ ‘ಕುಡಿದೆ’ ಎಂದು ಕಳಿಸಿದ, ದಿನಾ ಅಕ್ಕ ಬಂದಳು. ಆದರೆ ಬರಬರುತ್ತ ಅವಳ ಮಾತು ಬಾಡಿತು. ‘ಮರಿ, ನಿನ್ನ ಕಷ್ಟ ಏನು, ಹೇಳು.’ ‘ಮರಿ, ನನಗೆ ನಿನ್ನದೇ ಯೋಚನೆ.’ ‘ಮರಿ, ಇವತ್ತೂನಾ?’

ಫೋನನ್ನು ಚಾರ್ಜಿಗೆ ಹಾಕಹೋದ ಹೆಂಡತಿಯ ಕಣ್ಣಿಗೆ ಅದೆಲ್ಲ ಬಿತ್ತು. ಮುಖ ಕಪ್ಪಿಟ್ಟಿತು. ನೆಟ್ಟಗೆ ಬಂದು ಅವನ ಬಾಯಿ ಮೂಸಿದಳು.

"ಕುಡಿದಿಲ್ಲವಲ್ರೀ. ಮತ್ತೆ ಇದೇನು?"

"ಹೀಗಂದ್ರೇನೇ ಕಣೇ ಅವಳು ಬರೋದು."

ಹೆಂಡತಿ ಅವನ ಪಕ್ಕ ಕುಸಿದು ಕೂತಳು. ಆಮೇಲೆ, ಬೈಗುಳವೋ ಬೇಡಿಕೆಯೋ ತಿಳಿಯದ ದನಿಯಲ್ಲಿ, "ಬದುಕಿದ್ದಾಗ ಅಳಿಸಿದ್ದು ಸಾಲ್ದಾ? ಅಲ್ಲಿಗೆ ಹೋದ ಮೇಲೂ ಅವರಿಗೆ ನೆಮ್ಮದಿ ಬೇಡ್ವಾ?" ಎಂದಳು.

ಬಣ್ಣದವನು ಅವಳ ಕೈಯಿಂದ ಫೋನು ತೆಗೆದುಕೊಂಡ. ಉಗುರ ಸಂದಿಯಲ್ಲಿ ಬಿಳಿಬಣ್ಣ ಉಳಿದ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದ. ‘ಕುಡಿದಿಲ್ಲ ಅಕ್ಕ. ಸುಳ್ಳು ಹೇಳಿದೆ. ನೀನು ಹೋಗಿ ಮಲ್ಕೋ.’

ಕಳಿಸಿದ. ಉತ್ತರ ಬರಲಿಲ್ಲ. ತುಸು ಹೊತ್ತಿಗೆ ಫೋನಿನ ಬೆಳಕೂ ಆರಿತು. ಅವನು ಅದನ್ನು ಪಕ್ಕಕ್ಕಿಡಲು ಹೋದ.

ಹೆಂಡತಿ ಕೈಚಾಚಿ ಪರದೆಯನ್ನು ಮುಟ್ಟಿದಳು. ಮತ್ತೆ ಬೆಳಕಾಯಿತು.

"ತಡೀರಿ," ಎಂದಳು ಪಿಸುದನಿಯಲ್ಲಿ, "ಓದ್ತಿರಬಹುದು."